ಎರಡನೆಯ ಪೈಪು

ಮೂರನೆಯ ಸಾಫ್ಟ್‌ವೇರ್ ಆ ಪುಟವನ್ನು ಉಳಿಸಿಕೊಳ್ಳಲು ಒಪ್ಪಲಿಲ್ಲ. ಪೂನಮ ಉಳಿಸುವ ಗುಂಡಿಯನ್ನು ಎರಡು ಸಲ ಒತ್ತಿದಳು, ಮೂರನೆಯ ಸಲವೂ ಒತ್ತಿದಳು. ಪರದೆಯ ಮೇಲೆ ಒಂದು ಖಾನೆ ಮಾತ್ರ ಕೆಂಪಗೆ ನಿಂತಿತ್ತು. ‘ಇದಕ್ಕೂ ಮೊದಲಿದ್ದ ವಿನ್ಯಾಸ ಯಾಕೆ ಹಾಗಿತ್ತು?’ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಬರೆಯದೆ ಮುಂದೆ ಹೋಗಲು ದಾರಿಯೇ ಇರಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಮಿರಜ್ ಪಕ್ಕದ ಕುಪವಾಡದ ಕೈಗಾರಿಕಾ ವಸಾಹತಿನ ಒಂದು ನಡುಗಾತ್ರದ ಕಾರ್ಖಾನೆಯಲ್ಲಿ. ಆಸ್ಪತ್ರೆಗಳಿಗೆ ಬೇಕಾದ ಆಟೋಕ್ಲೇವ್ ಯಂತ್ರಗಳು ಅಲ್ಲಿ ತಯಾರಾಗುತ್ತಿದ್ದವು. ಅಡ್ಡ ಮಲಗಿಸಿದ ಉಕ್ಕಿನ ಪೀಪಾಯಿ, ಅದಕ್ಕೊಂದು ದುಂಡು ಬಾಗಿಲು, ಬಾಗಿಲಿಗೊಂದು ತಿರುಗಿಸುವ ಚಕ್ರ. ಆಪರೇಶನ್ನಿನ ಕತ್ತರಿ, ಚಿಮಟ, ಬಟ್ಟೆಯ ಗಂಟುಗಳನ್ನೆಲ್ಲ ಒಳಗಿಟ್ಟು ಒತ್ತಡದ ಹಬೆಯಲ್ಲಿ ಬೇಯಿಸಿ ರೋಗಾಣು ಕೊಲ್ಲುವುದು ಅದರ ಕೆಲಸ. ಮಿರಜ್‌ನಲ್ಲಿ ಓಣಿಗೊಂದು ಆಸ್ಪತ್ರೆ ಇರುವುದರಿಂದ ಕಾರ್ಖಾನೆಗೆ ಗಿರಾಕಿಗಳ ಕೊರತೆ ಎಂದೂ ಬಂದಿರಲಿಲ್ಲ.

ಹತ್ತು ದಿನಗಳಲ್ಲಿ ಮುಂಬೈಯಿಂದ ತಪಾಸಣೆಯ ಅಧಿಕಾರಿ ಬರುವವರಿದ್ದರು. ಯಂತ್ರದ ಯಾವ ಭಾಗವನ್ನು ಯಾವಾಗ, ಯಾರು, ಯಾವ ಕಾರಣಕ್ಕೆ ಬದಲಿಸಿದರು ಎಂಬುದರ ದಾಖಲೆ ತೋರಿಸಿ ಎಂದು ಮೊದಲೇ ಪತ್ರ ಬರೆದಿದ್ದರು. ಕಾರ್ಖಾನೆಯಲ್ಲಿ ನಕಾಶೆಗಳಿದ್ದವು, ಕಾರಣಗಳಿರಲಿಲ್ಲ. ಮಾಲೀಕ ಓಂಪ್ರಕಾಶ ಶೇಠರು ಮೂರು ಸಾಫ್ಟ್‌ವೇರ್‌ಗಳನ್ನು ತರಿಸಿ ಪೂನಮಳ ಮುಂದಿಟ್ಟಿದ್ದರು. “ಮೂರೂ ನೋಡು. ಸುಳ್ಳ ಸುಳ್ಳ ಏನರೆ ತುಂಬಬ್ಯಾಡ, ನಮ್ಮ ಖರೇ ನಿರ್ಣಯ ಒಂದ ಹಾಕಿ ನೋಡು. ಯಾವುದು ಛಲೋ ಅಂತ ಬರದ ಕೊಡು” ಎಂದಿದ್ದರು.

ಪರೀಕ್ಷೆಗೆ ಪೂನಮ ತನಗೆ ಹೆಮ್ಮೆಯಿದ್ದ ನಿರ್ಣಯವನ್ನೇ ಆರಿಸಿಕೊಂಡಿದ್ದಳು. ಒಂದೂವರೆ ಅಡಿ ಬಾಗಿಲಿನ ಮಾದರಿಯಲ್ಲಿ ಪೀಪಾಯಿಯಿಂದ ಮೊದಲು ಎರಡು ತೆಳು ಪೈಪುಗಳು ಹೊರಡುತ್ತಿದ್ದವು. ಒಂದು ಪೈಪಿನ ಹಬೆ ಒತ್ತಡ ತೋರಿಸುವ ಗೇಜಿನ ಮುಳ್ಳನ್ನು ಏರಿಸುತ್ತಿತ್ತು. ಇನ್ನೊಂದರ ಹಬೆ ಉಕ್ಕಿನ ಪಿನ್ನೊಂದನ್ನು ಹೊರದೂಡಿ ಬಾಗಿಲ ಚಕ್ರ ತಿರುಗದಂತೆ ಹಿಡಿಯುತ್ತಿತ್ತು. ಒಳಗಿನ ಒತ್ತಡ ಇಳಿದ ಮೇಲೆಯೇ ಪಿನ್ನು ಹಿಂದೆ ಸರಿಯುವುದು, ಬಾಗಿಲು ಬಿಚ್ಚಲು ಬರುವುದು. ಎರಡನೆಯ ತೂತಿನ ವೆಲ್ಡಿಂಗ್ ಮೇಲಿಂದ ಮೇಲೆ ಸೋರುತ್ತಿತ್ತು. ಮೂರು ವರ್ಷದ ಹಿಂದೆ ಪೂನಮ ಆ ತೂತನ್ನೇ ತೆಗೆದುಹಾಕಿ, ಒಂದೇ ಪೈಪನ್ನು ಕವಲು ಮಾಡಿ ಎರಡಕ್ಕೂ ಜೋಡಿಸಿದ್ದಳು. ಸೋರುವುದು ನಿಂತಿತ್ತು. ಶೇಠರು ಎಲ್ಲರೆದುರು ಅವಳ ಬೆನ್ನು ತಟ್ಟಿದ್ದರು.

ಮೊದಲ ಸಾಫ್ಟ್‌ವೇರ್ ಇದನ್ನೆಲ್ಲ ಒಂದು ಮಾತೂ ಕೇಳದೆ ನುಂಗಿಕೊಂಡಿತ್ತು. ಆದರೆ ಮರಾಠಿಯಲ್ಲಿ ಬರೆದದ್ದನ್ನು ಬರೀ ಚೌಕಗಳಾಗಿ ತೋರಿಸಿತು, ಬರೆದದ್ದನ್ನು ಯಾರು ಬೇಕಾದರೂ ಗುರುತಿಲ್ಲದಂತೆ ತಿದ್ದಬಹುದಿತ್ತು. ಎರಡನೆಯದು ಚೆಂದವಿತ್ತು, ನಕಾಶೆಯ ಗೆರೆಯ ಮೇಲೆ ಬೆರಳಿಟ್ಟರೆ ಅದರ ಕಥೆ ತೆರೆದುಕೊಳ್ಳುತ್ತಿತ್ತು. ಅದರಲ್ಲಿಯೂ ಅಳಿಸುವ ಗುಂಡಿಯೊಂದು ಇತ್ತು. ಮೂರನೆಯದು ನೋಡಲು ಕುರೂಪಿ. ನಿರ್ಣಯಕ್ಕೊಂದು ಪುಟ. ಒಮ್ಮೆ ಉಳಿಸಿದರೆ ಅಳಿಸಲು ಬರುವುದಿಲ್ಲ. ತಪ್ಪಾಗಿದ್ದರೆ ಮತ್ತೊಂದು ಪುಟ ಬರೆಯಬೇಕು, ಹಳೆಯದೂ ಅದರ ಪಕ್ಕದಲ್ಲೇ ಇರುತ್ತದೆ. ಆ ಮೂರನೆಯದೇ ಈಗ ಕೆಂಪು ಖಾನೆ ತೋರಿಸಿ ಕೂತಿತ್ತು.

ಪೂನಮ ಎದ್ದು ಕೆಳಗೆ ಹೋದಳು. ಫಿಟಿಂಗ್ ವಿಭಾಗದ ಮುಖ್ಯಸ್ಥ ಜಯಪಾಲ ಇಪ್ಪತ್ತೈದು ವರ್ಷದಿಂದ ಅಲ್ಲೇ ಇದ್ದವನು.

“ದಾದಾ, ಮೊದಲ ಎರಡ ಪೈಪ ಯಾಕ ಇದ್ವು?”

“ಯಾರಿಗ್ಗೊತ್ರಿ ಮ್ಯಾಡಮ್. ಧೋಂಡಪ್ಪ ಕಾಕಾ ಹಾಕಿದ್ದು” ಎಂದ ಜಯಪಾಲ ಕೈ ಒರೆಸಿಕೊಳ್ಳುತ್ತ. “ಒಮ್ಮೆ ನಾನೂ ಕೇಳಿದ್ದೆ. ಎರಡೂ ಬ್ಯಾರೆ ಬ್ಯಾರೆನ ಇರಬೇಕು, ನಿನಗ ಅದರ ಉಸಾಬರಿ ಬ್ಯಾಡ ಅಂತ ಬೈದಿದ್ರು.”

“ನಾ ಅದನ್ನ ತಗದಾಗ ನೀವು ಇದನ್ನ ಹೇಳಲಿಲ್ಲಲ್ಲ?”

“ನೀವು ಕೇಳಲಿಲ್ರಿ. ಹೊಸಾ ನಕಾಶೆ ಬಂತು, ಸೋರೂದು ನಿಂತು, ಎಲ್ಲಾರೂ ಖುಷಿ ಆದ್ರು.”

ಅವನ ದನಿಯಲ್ಲಿ ಕೊಂಕಿರಲಿಲ್ಲ. ಆದರೂ ಪೂನಮ ತಿರುಗಿ ಮೇಲೆ ಹೋಗಲಿಲ್ಲ. ಮೊದಲು ಕಾರ್ಖಾನೆಯ ನಕಾಶೆಗಳನ್ನೆಲ್ಲ ತೆಗೆಯುತ್ತಿದ್ದ ಧೋಂಡಪ್ಪ ಕಾಕಾ ಸುಮ್ಮಸುಮ್ಮನೆ ಬೈಯುವ ಮನುಷ್ಯನಲ್ಲ. ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಅವರು ನಿವೃತ್ತರಾಗಿದ್ದರು. ಆ ಒಂದು ವರ್ಷದಲ್ಲಿ ಅವರ ಬಾಯಿಂದ ಗಟ್ಟಿ ಮಾತನ್ನು ಅವಳು ಕೇಳಿರಲಿಲ್ಲ.

ಕಾರ್ಖಾನೆಯ ಸದ್ದಿಗೆ ಕಿವಿ ಮಂದವಾಗಿದ್ದರಿಂದ ಅವರು ಫೋನಿನಲ್ಲಿ ಸಿಗುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಪೂನಮ ಸ್ಕೂಟಿ ತೆಗೆದು ಅವರ ಊರಾದ ಖಂಡೇರಾಜುರಿಗೆ ಹೊರಟಳು.

ಧೋಂಡಪ್ಪ ಬೇವಿನ ಗಿಡದ ನೆರಳಲ್ಲಿ ಕುರಿಯೊಂದರ ಕಾಲು ಹಿಡಿದು ಗೊರಸು ಕೆರೆಯುತ್ತಿದ್ದರು. ಮನೆ ತುಂಬ ಮಂದಿ. ಒಳಗೆ ಯಾರೋ ಶೇಂಗಾ ಸುಲಿಯುತ್ತಿದ್ದರು, ಅಂಗಳದಲ್ಲಿ ಉಣ್ಣೆಯ ಗುಡ್ಡೆ ಬಿದ್ದಿತ್ತು. ಅವಳನ್ನು ಕಂಡು ಮುದುಕನ ಮುಖ ಅರಳಿತು.

“ಪೂನಮ ಹೌದಲ್ಲೋ? ಬಾ ಬಾ, ಕುಂದ್ರು. ಮಂಗಲಾ, ಚಹಾ ಇಡವಾ.”

ಸೊಸೆ ಮಂಗಲಾ ಚಹಾ ತಂದಿಟ್ಟು ಹೋದಳು. ಪೂನಮ ಅವರ ಕಿವಿಯ ಹತ್ತಿರ ಸರಿದು ಕೂತು, ಮೊಬೈಲಿನಲ್ಲಿ ನಕಾಶೆ ತೆಗೆದು ಅವರ ಮುಂದೆ ಹಿಡಿದಳು. ಅವರು ಕನ್ನಡಕ ಏರಿಸಿ, ಉಗುರಿನಿಂದ ಗೆರೆಯ ಗುಂಟ ಹೋದರು. ಗೇಜಿನ ತನಕ ಹೋಗಿ ತಿರುಗಿ ಬಂದರು. ಮತ್ತೊಮ್ಮೆ ಹೋದರು.

“ಇನ್ನೊಂದು ಎಲ್ಲೈತಿ?”

“ತಗದೇನ್ರಿ ಕಾಕಾ. ಸೋರತಿತ್ತು. ಈಗ ಒಂದರಿಂದನ ಎರಡಕ್ಕೂ ಕೊಟ್ಟೇನಿ.”

ಬಾಯಿಯ ತನಕ ಹೋಗಿದ್ದ ಚಹಾದ ಕಪ್ ಕೆಳಗಿಳಿಯಿತು. ಮುದುಕ ಅದನ್ನು ನೆಲದ ಮೇಲೆ ಇಡುವಾಗ ಚಹಾ ಚೆಲ್ಲಿ ಬೆರಳ ಮೇಲೆ ಬಿತ್ತು. ಅವರಿಗದು ಗೊತ್ತಾದಂತೆ ಕಾಣಲಿಲ್ಲ.

“ಇಂಥಾವು ಎಷ್ಟ ಮಷೀನ ಹೊರಗ ಹೋಗ್ಯಾವ?”

“ಒಂಬತ್ತು.”

“ಯಾರಿಗೂ ಏನೂ ಆಗಿಲ್ಲಲ್ಲ?”

“ಏನ ಆಗಬೇಕರಿ ಕಾಕಾ?” ಎಂದಳು ಪೂನಮ. ಕೇಳಿದ್ದು ತಾನೇ ಆದರೂ ಉತ್ತರ ಬೇಡವೆನಿಸಿತು.

ಧೋಂಡಪ್ಪ ಕುರಿಯನ್ನು ಬಿಟ್ಟರು. ಗೊರಸು ಕೆರೆಯುವ ಚಾಕನ್ನು ಪಕ್ಕಕ್ಕಿಟ್ಟರು.

“ನೀ ಹೊಸಾದು ಮಾಡಿಲ್ಲ, ತಂಗಿ. ನಾವು ಬಿಟ್ಟಿದ್ದನ್ನ ತಿರುಗಿ ತಂದಿ. ಮೊದಲ ನಾವೂ ಒಂದ ಪೈಪ ಹಾಕತಿದ್ವಿ, ಹಿಂಗನ. ನಕಾಶೆ ತಗದವ ನಾನ. ತೊಂಬತ್ತಾರನೇ ಇಸವಿ, ಒಂದ ದವಾಖಾನಿ. ಬಟ್ಟಿ ಗಂಟಿನ ಎಳಿ, ಬೋರಿನ ನೀರಿನ ಸುಣ್ಣ, ಎರಡೂ ಕೂಡಿ ಪೈಪಿನ ಬಾಯಿಗೆ ಕುಂತಿದ್ವು. ಹಬೆ ಏರೂ ಮುಂದ ಒಳಗ ಹೊಕ್ಕತು. ಆಮ್ಯಾಲ ಬಾಯಿ ಮುಚ್ಚತು. ಪೈಪಿನಾಗ ಸಿಕ್ಕ ಹಬೆ ತಣ್ಣಗಾಗಿ ನೀರಾತು. ನೀರಾದ್ರ ಒತ್ತಡ ಎಲ್ಲೀದು? ಮುಳ್ಳ ಸೊನ್ನಿಗಿ ಬಂತು, ಪಿನ್ನು ಹಿಂದ ಸರೀತು. ಪೀಪಾಯಿಯೊಳಗ ಮಾತ್ರ ಹಬೆ ಇದ್ದಂಗನ ಇತ್ತು. ಮುಳ್ಳ ಸುಳ್ಳ ಹೇಳತು, ಪಿನ್ನೂ ಅದಕ್ಕ ಹೂಂ ಅಂತು. ಎರಡೂ ಒಂದ ಬಾಯಿಂದ ಕೇಳಿದ್ವು.”

 ಪೂನಮಳಿಗೆ ಮುಂದಿನದು ಗೊತ್ತಾಗಿ ಹೋಗಿತ್ತು.

“ನರ್ಸ್ ಪೋರಿ ಚಕ್ರ ತಿರುವಿದಳು. ಬಾಗಲಾ ಹಾರಿ ಎದುರಿನ ಗ್ವಾಡಿಗೆ ಬಿತ್ತು. ನಡುವ ಆಕಿ ಇದ್ದಳು. ಕಾಂಚನ ಅಂತ ಹೆಸರು. ಸುದ್ದಿ ತಿಳದ ನಾನೂ ರೇವಪ್ಪ ಶೇಠರೂ ಹೋದ್ವಿ. ನಾ ಅದನ್ನ ನೋಡಬಾರದಿತ್ತು.”

ರೇವಪ್ಪ ಶೇಠರು ಓಂಪ್ರಕಾಶರ ತಂದೆ, ಕಾರ್ಖಾನೆ ಕಟ್ಟಿದವರು, ತೀರಿಹೋಗಿ ಹತ್ತು ವರ್ಷವಾಗಿತ್ತು.

“ಇದನ್ನ ನೀವು ಎಲ್ಲಿಯೂ ಬರದ ಇಡಲಿಲ್ಲಲ್ರಿ, ಕಾಕಾ” ಎಂದಳು ಪೂನಮ. ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಾಗಿತ್ತು. ಮುದುಕನಿಗೆ ಹೇಗೋ ಕೇಳಿಸಿತು, ಅಥವಾ ತುಟಿ ನೋಡಿ ತಿಳಿಯಿತು.

“ಶೇಠರು ಬ್ಯಾಡ ಅಂದ್ರು. ಬರದ್ರ ನಾವ ಒಪ್ಪಿಕೊಂಡಂಗ ಆಗತೈತಿ, ಎರಡ ತೂತಿನ ಹೊಸಾ ನಕಾಶೆ ತಗಿ, ಕಾರಣ ಹಾಕಬ್ಯಾಡ ಅಂದ್ರು. ನಾನೂ ಅಂಜಿದ್ದೆ. ಹಾಂಗನ ಮಾಡಿದೆ. ಹಳೇ ಮಷೀನ ಎಲ್ಲಾ ತಿರುಗಿ ತರಿಸಿ ಬದಲ ಮಾಡಿದ್ವಿ. ನಾ ಇರೂತನಕ ಅದನ್ನ ಯಾರೂ ಮುಟ್ಟಂಗಿಲ್ಲ ಅಂತ ತಿಳಕೊಂಡೆ. ನಾ ಬಿಟ್ಟ ಮ್ಯಾಲೆ ಏನು ಅಂತ ವಿಚಾರ ಮಾಡಲಿಲ್ಲ.”

ಪೂನಮಳಿಗೆ ಆಗ ಒಂದು ಫೋನ್ ನೆನಪಾಯಿತು. 

ಒಂಬತ್ತರಲ್ಲಿ ಒಂದು ಯಂತ್ರ ಮಿರಜ್‌ನ ಒಂದು ಕಣ್ಣಿನ ಆಸ್ಪತ್ರೆಯಲ್ಲಿತ್ತು. ಅದನ್ನು ನಡೆಸುವವಳು ತುಳಸವ್ವ, ಐವತ್ತು ದಾಟಿದ ಹೆಂಗಸು. ಆಸ್ಪತ್ರೆಯ ಮಂದಿಯೆಲ್ಲ ಅವಳನ್ನು ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಯಂತ್ರ ಕೂರಿಸಿದ ದಿನ ಪೂನಮಳೇ ಅವಳಿಗೆ ಕಲಿಸಿದ್ದಳು. ಅಂಜುತ್ತಿದ್ದ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಚಕ್ರದ ಮೇಲಿಟ್ಟು, “ಮುಳ್ಳ ಸೊನ್ನಿಗಿ ಬಂತಂದ್ರ ಕಣ್ಣ ಮುಚ್ಚಿ ತಗೀರಿ ಮಾವಶಿ” ಎಂದಿದ್ದಳು. ಹದಿನೈದು ದಿನದ ಹಿಂದೆ ತುಳಸವ್ವ ಬೇರೆ ಯಾವುದೋ ಕೆಲಸಕ್ಕೆ ಫೋನ್ ಮಾಡಿದವಳು, “ನಿಮ್ಮ ಮಷೀನ ಈಗೀಗ ಭಾಳ ಛಲೋ ಆಗೈತಿ ಮ್ಯಾಡಮ್. ಮೊದಲ ಮುಳ್ಳ ಇಳಿಯಾಕ ಅರ್ಧಾ ತಾಸು. ಈಗ ಹತ್ತ ಮಿನಿಟಿನಾಗ ಸೊನ್ನಿ” ಎಂದು ಸಂತೋಷದಿಂದ ಹೇಳಿದ್ದಳು. ಪೂನಮ ನಕ್ಕು ಫೋನ್ ಇಟ್ಟಿದ್ದಳು.

ಆಸ್ಪತ್ರೆಗೆ ಫೋನ್ ಹಚ್ಚುವಾಗ ಅವಳ ಬೆರಳು ಎರಡು ಸಲ ತಪ್ಪು ಹೆಸರನ್ನು ಒತ್ತಿದವು. ಕೌಂಟರಿನ ಹುಡುಗಿ ಎತ್ತಿಕೊಂಡಳು. ಡಾಕ್ಟರರು ಆಪರೇಶನ್ನಿನಲ್ಲಿದ್ದಾರೆ, ಇವತ್ತು ಹದಿನಾರು ಮಂದಿಯ ಕಣ್ಣಿನ ಪೊರೆ ತೆಗೆಯುವುದಿದೆ, ಮಾವಶಿ ಹಿಂದಿನ ಕೋಣೆಯಲ್ಲಿ ಯಂತ್ರ ಹಚ್ಚಿ ಕೂತಿದ್ದಾಳೆ ಎಂದಳು ಮರಾಠಿಯಲ್ಲಿ. ಯಂತ್ರದ ಬಾಗಿಲು ತೆಗೆಯಬೇಡ ಅಂತ ಈಗಿಂದೀಗ ಹೋಗಿ ಅವಳಿಗೆ ಹೇಳು ಎಂದು ಪೂನಮ ಬೇಡಿಕೊಂಡಳು. ಹೇಳುತ್ತೇನೆ ಎಂದು ಆಕೆ ಫೋನ್ ಇಟ್ಟಳು. ಅವಳ ಹಿಂದೆ ಪೇಶಂಟುಗಳ ಗದ್ದಲ ಕೇಳುತ್ತಿತ್ತು. ಮತ್ತೆ ಹಚ್ಚಿದರೆ ಬ್ಯುಸಿ. ಮತ್ತೆ ಬ್ಯುಸಿ. ತುಳಸವ್ವಳ ಮೊಬೈಲು ಕರೆದು ಕರೆದು ನಿಂತಿತು. ಕೆಲಸದ ಹೊತ್ತಿನಲ್ಲಿ ಅವಳು ಅದನ್ನು ಚೀಲದಲ್ಲಿಡುತ್ತಾಳೆ ಎಂಬುದು ಪೂನಮಳಿಗೆ ಗೊತ್ತಿತ್ತು.

ಸ್ಕೂಟಿ ಏರುವ ಮೊದಲು ಜಯಪಾಲನಿಗೆ ಫೋನ್ ಮಾಡಿ, “ದಾದಾ, ಒಂದ ಪೈಪಿನ ಮಷೀನ ಎಲ್ಲಾ ನಿಲ್ಲಿಸ್ರಿ. ಒಬ್ಬೊಬ್ಬರಿಗೂ ಫೋನ ಹಚ್ಚರಿ. ಕಾರಣ ಆಮ್ಯಾಲ ಹೇಳತೇನಿ. ಮಿರಜಿನ ಕಣ್ಣಿನ ಆಸ್ಪತ್ರೆಗೂ ಹಚ್ಚಕೋತ ಇರ್ರಿ” ಎಂದಳು. ಜಯಪಾಲ ಏನೂ ಕೇಳಲಿಲ್ಲ. “ಆತ್ರಿ” ಎಂದ.

ಖಂಡೇರಾಜುರಿಯಿಂದ ಮಿರಜ್‌ಗೆ ಅರ್ಧ ಗಂಟೆಯ ದಾರಿ. ಎರಡೂ ಕಡೆ ದ್ರಾಕ್ಷಿ ತೋಟಗಳು, ನಡುನಡುವೆ ಕಬ್ಬಿನ ಟ್ರ್ಯಾಕ್ಟರುಗಳು. ಪೂನಮ ಯಾವುದನ್ನೂ ಸರಿಯಾಗಿ ನೋಡಲಿಲ್ಲ. ತಲೆ ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ಒಂದೂವರೆ ಅಡಿ ಅಗಲದ ಬಾಗಿಲು. ಆ ಹಬೆಯ ಒತ್ತಡಕ್ಕೆ ಅದರ ಹಿಂದೆ ಸುಮಾರು ಎರಡು ಸಾವಿರ ಕಿಲೋದಷ್ಟು ಬಲ. ಈ ಲೆಕ್ಕವನ್ನು ಅವಳು ನೂರು ಸಲ ಮಾಡಿದ್ದಳು, ಬೋಲ್ಟಿನ ದಪ್ಪ ಆರಿಸಲು. ಬಾಗಿಲ ಎದುರು ಒಬ್ಬ ಹೆಂಗಸು ನಿಂತಿರುತ್ತಾಳೆ ಎಂದು ಎಣಿಸಿ ಒಮ್ಮೆಯೂ ಮಾಡಿರಲಿಲ್ಲ.  ಎದುರಿಗೆ ಆಂಬುಲೆನ್ಸ್ ಒಂದು ಸದ್ದು ಮಾಡುತ್ತ ಬಂದಾಗ ಅವಳ ಗಾಡಿ ರಸ್ತೆಯಂಚಿಗೆ ಹೋಯಿತು. ಅದು ಮಿರಜ್‌ನಿಂದ ಹೊರಗೆ ಹೋಗುತ್ತಿದೆ, ಒಳಗಲ್ಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮಿರಜ್‌ನಲ್ಲಿ ದಿನವಿಡೀ ಆಂಬುಲೆನ್ಸ್ ಓಡುತ್ತವೆ. ಹಾಗೆ ಹೇಳಿಕೊಂಡು ಗಾಡಿಯ ವೇಗ ಹೆಚ್ಚಿಸಿದಳು.

ಆಸ್ಪತ್ರೆಯ ಬಾಗಿಲಲ್ಲಿ ಸ್ಕೂಟಿಯನ್ನು ಸ್ಟ್ಯಾಂಡ್ ಹಾಕದೆ ಬಿಟ್ಟು ಒಳಗೆ ಓಡಿದಳು. ಅದು ಹಿಂದೆ ಬಿದ್ದ ಸದ್ದಾಯಿತು. ಕೌಂಟರಿನ ಹುಡುಗಿ ಯಾರಿಗೋ ಚೀಟಿ ಬರೆಯುತ್ತಿದ್ದವಳು ತಲೆಯೆತ್ತಿ ನೋಡಿ ತುಟಿ ಕಚ್ಚಿಕೊಂಡಳು. ಮರೆತಿದ್ದಳು.

ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ತುಳಸವ್ವ ಯಂತ್ರದ ಮುಂದೆ ನಿಂತು ಎರಡೂ ಕೈಯಿಂದ ಚಕ್ರ ತಿರುವುತ್ತಿದ್ದಳು. ಗೇಜಿನ ಮುಳ್ಳು ಸೊನ್ನೆಯ ಮೇಲೆ ಅಲುಗದೆ ಕೂತಿತ್ತು.

“ಮಾವಶಿ, ಕೈ ತಗೀರಿ.”

ತುಳಸವ್ವ ತಿರುಗಿ ನೋಡಿ ನಕ್ಕಳು. “ಅಯ್ಯ, ನೀವು ಯಾವಾಗ ಬಂದ್ರಿ? ದಿನಾ ಚಹಾ ಕುಡದ ಬಂದ ತಗೀತಿದ್ದೆ, ಇವತ್ತ ಅವಸರ ಐತಿ. ಚಕ್ರಾ ಏನೋ ಬಿಗಿ ಆಗೈತಿ ನೋಡ್ರಿ.”

“ಕೈ ತಗೀರಿ. ಈ ಕಡೆ ಸರೀರಿ. ಬಾಗಲದ ಮುಂದ ನಿಲ್ಲಬ್ಯಾಡ್ರಿ.”

“ಮುಳ್ಳ ಸೊನ್ನಿಗಿ ಬಂದೈತಿ ಮ್ಯಾಡಮ್. ನೀವ ಹೇಳಿದಂಗ...”

ಪೂನಮ ಅವಳ ತೋಳು ಹಿಡಿದು ಎಳೆದಳು. ಆ ಎಳೆತಕ್ಕೆ ತುಳಸವ್ವ ಗೋಡೆಗೆ ತಾಗಿ, ಅಂಜಿದ ಕಣ್ಣಿನಿಂದ ನೋಡುತ್ತ ಹೊರಗೆ ಸರಿದಳು.

ಚಕ್ರ ಸುಮಾರು ಅರ್ಧ ತಿರುಗಿತ್ತು. ಬಾಗಿಲನ್ನು ಹಿಡಿದಿದ್ದ ಉಕ್ಕಿನ ತೋಳುಗಳು ತಮ್ಮ ಗೂಡಿನಿಂದ ಅರ್ಧ ಹೊರಬಂದಿದ್ದವು. ಇನ್ನು ಮೂರು ಬೆರಳಿನಷ್ಟು ಜಾಗ. ಪೂನಮಳಿಗೆ ಓಡಿಹೋಗಬೇಕೆನಿಸಿತು. ಕಾಲು ನಿಜವಾಗಿಯೂ ಹಿಂದಕ್ಕೆ ಒಂದು ಹೆಜ್ಜೆ ಇಟ್ಟವು. ಚಕ್ರ ಹೀಗೆಯೇ ಬಿಟ್ಟರೆ ತೋಳುಗಳು ಹಿಡಿದು ನಿಲ್ಲುತ್ತವೋ ಜಾರುತ್ತವೋ ಹೇಳಲು ಬರುವಂತಿರಲಿಲ್ಲ. ಗೋಡೆಯ ಆಚೆಗೆ ಆಪರೇಶನ್ ಕೋಣೆ, ಅದರೊಳಗೆ ಕಣ್ಣು ತೆರೆದು ಮಲಗಿದ ಮಂದಿ.

ಯಂತ್ರದ ಪಕ್ಕಕ್ಕೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಒಂದೇ ಕೈ ಚಾಚಿ ಚಕ್ರವನ್ನು ಹಿಡಿದಳು. ಉಕ್ಕು ಸುಡುತ್ತಿತ್ತು. ಬಿಗಿಯುವ ದಿಕ್ಕಿಗೆ ತಳ್ಳಿದಳು. ಅಲುಗಲಿಲ್ಲ. ಕೊರಳ ಓಢಣಿಯನ್ನು ಕೈಗೆ ಸುತ್ತಿಕೊಂಡು ಮೈಭಾರವನ್ನೆಲ್ಲ ಹಾಕಿದಳು. ಒಳಗಿನ ಬಲ ತೋಳುಗಳನ್ನು ಒತ್ತಿ ಹಿಡಿದಿರುವುದು ಅವಳ ಅಂಗೈಗೆ ತಿಳಿಯುತ್ತಿತ್ತು, ಆಚೆಯಿಂದ ಯಾರೋ ಬಾಗಿಲು ದೂಡುತ್ತಿರುವಂತೆ. ಚಕ್ರ ಕಿರ್ರೆಂದಿತು. ಒಂದು ಬೆರಳಿನಷ್ಟು ಸರಿಯಿತು. ಇನ್ನೊಂದು ಬೆರಳು. ಎಷ್ಟು ಹೊತ್ತಾಯಿತೋ ಅವಳಿಗೆ ಗೊತ್ತಾಗಲಿಲ್ಲ. ತೋಳುಗಳು ಗೂಡಿಗೆ ಪೂರ್ತಿ ಹೊಕ್ಕು ಟಕ್ ಎಂದಾಗ ಅವಳ ಬಾಯಿಂದ ಒಂದು ಅಳು ಹೊರಬಿತ್ತು.

ಗೋಡೆಯ ಮೇನ್ ಸ್ವಿಚ್ಚನ್ನೂ ಆರಿಸಿ, ಯಂತ್ರದ ಹಿಂದೆ ಬಾಗಿ, ಕೈಯಿಂದ ತಿರುವುವ ಹಬೆಯ ಕೀಲನ್ನು ಸ್ವಲ್ಪವೇ ಸಡಿಲಿಸಿದಳು.

ಹಬೆ ಕಿರುಚಿತು. ಹೊರಗೆ ಹೋಗುವ ಕೊಳವೆ ಗಡಗಡ ನಡುಗಿತು. ಓಣಿಯ ನಾಯಿಗಳು ಬೊಗಳಿದವು, ಪೇಶಂಟುಗಳು ಎದ್ದು ನಿಂತರು. ಎಂಟು ಮಿನಿಟು ಆ ಸದ್ದು ನಿಲ್ಲಲಿಲ್ಲ. ಅಷ್ಟು ಹೊತ್ತೂ ಗೇಜಿನ ಮುಳ್ಳು ಸೊನ್ನೆಯಲ್ಲೇ ಇತ್ತು.

ಸದ್ದು ನಿಂತ ಮೇಲೆ ತುಳಸವ್ವ ಹೊಸ್ತಿಲಲ್ಲಿ ಕುಸಿದು ಕೂತಳು. ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ಸೀರೆಯ ಸೆರಗು ಸರಿಸಿ ಬಲಗೈ ತೋರಿಸಿದಳು. ಮೊಣಕೈ ಕೆಳಗೆ ಸುಟ್ಟ ಗಾಯ ಒಣಗಿ ಕಪ್ಪಾಗಿತ್ತು.

“ಮೊನ್ನೆ ಬಾಗಲಾ ತಗಿಯೂ ಮುಂದ ಬುಸ್ ಅಂತ ಬಂತರಿ. ನಾನ ಅವಸರ ಮಾಡೇನಿ ಅಂತ ತಿಳಕೊಂಡೆ. ಬೈತಾರಂತ ಯಾರಿಗೂ ಹೇಳಿಲ್ಲ.”

ಪೂನಮ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. “ನಿಮ್ಮದೇನೂ ತಪ್ಪ ಇಲ್ಲ ಮಾವಶಿ, ನನ್ನದ ಐತಿ” ಎಂದಳು. ತುಳಸವ್ವ ಅವಳ ಸುಟ್ಟ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿದಳು.

ಸಂಜೆಯೊಳಗೆ ಜಯಪಾಲ ಉಳಿದ ಎಂಟೂ ಯಂತ್ರಗಳನ್ನು ನಿಲ್ಲಿಸಿದ್ದ. ಓಂಪ್ರಕಾಶ ಶೇಠರು ಪೂನಮಳ ಮಾತನ್ನೆಲ್ಲ ಕುರ್ಚಿಯ ಕೈ ಹಿಡಿದು ಕೇಳಿದರು. ಕಾಂಚನಳ ಹೆಸರು ಬಂದಾಗ ಅವರ ಮುಖದ ಬಣ್ಣ ಇಳಿಯಿತು. ಆ ವಿಷಯ ಅವರಿಗೆ ಗೊತ್ತಿರಲಿಲ್ಲ ಎಂಬುದು ಸ್ಪಷ್ಟವಿತ್ತು.

“ಮಷೀನ ಎಲ್ಲಾ ತಿರುಗಿ ತರಸು. ಎರಡ ಪೈಪ ಹಾಕು. ಅದರಾಗ ಮಾತಿಲ್ಲ” ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, “ಬರಿಯೂದು ಮಾತ್ರ ಆ ಮೊದಲನೇ ಸಾಫ್ಟ್‌ವೇರಿನಾಗ ಬರಿ. ಸುಧಾರಣಾ ಮಾಡೇವಿ ಅಂತ ಬರಿ, ಸಾಕು. ಅರವತ್ತ ಮನಿತನ ಈ ಕಾರ್ಖಾನಿ ಮ್ಯಾಲೆ ಅದಾವ, ಪೂನಮ. ನಿನ್ನ ಹೆಸರೂ ಬರತೈತಿ ಅದರಾಗ. ಪೊಲೀಸರು ಕೇಳಿದ್ರ ಏನ ಹೇಳತಿ?” ಎಂದರು.

ಪೂನಮ ಹೊರಗೆ ಬಂದಳು. ಅವರ ಮಾತು ಅವಳಿಗೆ ಸಿಟ್ಟು ತರಿಸಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೆ ಸಮಾಧಾನವಾಗಿತ್ತು, ಅದಕ್ಕೇ ಇನ್ನಷ್ಟು ಅಂಜಿಕೆಯಾಯಿತು. ಮೂವತ್ತು ವರ್ಷದ ಹಿಂದೆ ಧೋಂಡಪ್ಪ ಕಾಕಾ ಇದೇ ಮೆಟ್ಟಿಲಿಳಿಯುವಾಗ ಹೀಗೆಯೇ ಸಮಾಧಾನಪಟ್ಟಿರಬೇಕು.

ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತವಳು ಒಂಬತ್ತು ಗಂಟೆಯಿಂದ ಹತ್ತೂವರೆಯ ತನಕ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಆಗ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು. ಧೋಂಡಪ್ಪ ಒಗೆದ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿ, ಸೊಸೆ ಮಂಗಲಾಳ ಕೈ ಹಿಡಿದು ಬಂದಿದ್ದರು. ಮೊದಲ ಬಸ್ಸಿಗೆ ಹೊರಟಿದ್ದರಂತೆ.

“ಆ ಮಿರಜಿನ ಹೆಣಮಗಳು ಬದಕ್ಯಾಳಂತಲ್ಲ, ಜಯಪಾಲ ಹೇಳಿ ಕಳಿಸಿದ್ದ” ಎಂದರು ಕುರ್ಚಿಯ ಮೇಲೆ ಕೂತು. “ಬರಕೋ. ನಾ ಹೇಳತೇನಿ.”

“ಶೇಠರು ಬ್ಯಾಡ ಅಂದಾರ್ರಿ, ಕಾಕಾ.”

“ಅವರಪ್ಪನೂ ಬ್ಯಾಡ ಅಂದಿದ್ದ. ಬರಕೋ.”

ಪೂನಮ ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಮೂರನೆಯ ಸಾಫ್ಟ್‌ವೇರ್ ತೆರೆದು, ಮುದುಕ ಆಡಿದ ಕನ್ನಡ ಮಾತನ್ನು ಮರಾಠಿ ಅಕ್ಷರದಲ್ಲಿ ಇದ್ದ ಹಾಗೆಯೇ ಒತ್ತುತ್ತ ಹೋದಳು. ಇಸವಿ, ಊರು, ಕಾಂಚನಳ ಪೂರ್ತಿ ಹೆಸರು, ಅವಳ ವಯಸ್ಸು ಇಪ್ಪತ್ತೆರಡು. ಬಟ್ಟೆಯ ಎಳೆ, ಬೋರಿನ ಸುಣ್ಣ. ಕಾರಣ ಬರೆಯಬಾರದೆಂದು ತೀರ್ಮಾನಿಸಿದವರು ಯಾರು ಎಂಬುದು. ಅದರ ಕೆಳಗೆ ಮೂರು ವರ್ಷದ ಹಿಂದಿನ ತನ್ನ ನಿರ್ಣಯ, ತನ್ನ ಹೆಸರು. ಹಳೆಯದು ಯಾಕೆ ಹಾಗಿತ್ತೆಂದು ತಾನು ಯಾರನ್ನೂ ಕೇಳಲಿಲ್ಲ ಎಂಬ ವಾಕ್ಯ. ಅದನ್ನು ಬರೆಯಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಓಂಪ್ರಕಾಶ ಶೇಠರು ಯಾವಾಗ ಬಂದು ಹಿಂದೆ ನಿಂತರೋ ಗೊತ್ತಾಗಲಿಲ್ಲ. ಪರದೆಯನ್ನು ಪೂರ್ತಿ ಓದಿದರು. ಧೋಂಡಪ್ಪರ ಕಿವಿಯ ಹತ್ತಿರ ಬಾಗಿ, “ಕಾಕಾ, ನಮ್ಮ ಅಪ್ಪಾನ ಹೆಸರ ಹಾಕಲೇಬೇಕೇನು?” ಎಂದರು.

“ನನ್ನ ಹೆಸರ ಮೊದಲ ಐತಿ ನೋಡ್ರಿ ಶೇಠ” ಎಂದರು ಮುದುಕ. “ನಕಾಶೆ ನಂದು. ಅವರದು ಅದರ ಕೆಳಗ ಇರಲಿ.”

ಶೇಠರು ಇನ್ನೊಮ್ಮೆ ಪರದೆಯ ಕಡೆ ನೋಡಿದರು. ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ತಿರುಗಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಉಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಪೂನಮಳಿಗೆ ನಿನ್ನೆ ಚಕ್ರ ಹಿಡಿದಾಗಿನಷ್ಟೇ ಭಯವಾಯಿತು. ಕೆಲಸ ಹೋಗಬಹುದು. ಇನ್ನೆಲ್ಲೂ ಸಿಗದೆ ಇರಬಹುದು. ಯಾರಾದರೂ ಕೇಸು ಹಾಕಬಹುದು. ಮಂಗಲಾ ಏನೂ ಅರಿಯದೆ ಅವಳ ಮುಖವನ್ನೇ ನೋಡುತ್ತಿದ್ದಳು. ಪೂನಮ ಗುಂಡಿ ಒತ್ತಿದಳು. ಪುಟ ಒಂದು ಕ್ಷಣ ಮಂಜಾಗಿ, ದಿನಾಂಕ ಹೊತ್ತುಕೊಂಡು ನಿಂತಿತು.

ಹೇಳಿದ ದಿನಕ್ಕೆ ಬಂದ ತಪಾಸಣೆಯ ಅಧಿಕಾರಿ ಅದನ್ನು ಎರಡು ಸಲ ಓದಿದರು. ಧೋಂಡಪ್ಪರ ಮಾತಿನ ಅರ್ಥವನ್ನು ಪೂನಮಳಿಂದ ಮರಾಠಿಯಲ್ಲಿ ಹೇಳಿಸಿಕೊಂಡರು. ಹೊಸ ಯಂತ್ರ ಮಾರುವುದನ್ನು ನಾಲ್ಕು ತಿಂಗಳು ನಿಲ್ಲಿಸಿದರು. ಕಣ್ಣಿನ ಆಸ್ಪತ್ರೆಯ ಡಾಕ್ಟರರು ಕಟುವಾದ ಪತ್ರ ಬರೆದರು. ಅದರ ಒಂದೊಂದು ಮಾತೂ ಸರಿಯಿತ್ತು. ಪೂನಮಳ ಕೆಲಸ ಹೋಗಲಿಲ್ಲ. ಆದರೆ ಶೇಠರು ಅವಳೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವುದನ್ನು ನಿಲ್ಲಿಸಿದರು. ಮೂರು ಸಾಫ್ಟ್‌ವೇರ್‌ಗಳ ಮೇಲಿನ ಅವಳ ವರದಿ ಒಂದೂವರೆ ಪುಟದ್ದು. ಶೇಠರು ಅದರ ಕೆಳಗೆ ಸಹಿ ಮಾಡಿ, ಮೂರನೆಯದನ್ನೇ ಕೊಂಡರು.

ಒಂಬತ್ತು ಯಂತ್ರಗಳಿಗೂ ಎರಡನೆಯ ತೂತು ಕೊರೆದು, ಈ ಸಲ ಸೋರದಂತೆ ದಪ್ಪ ವೆಲ್ಡಿಂಗ್ ಮಾಡಿ ಎರಡನೆಯ ಪೈಪು ಕೂರಿಸಿ, ಪೂನಮ ಮತ್ತು ಜಯಪಾಲ ಒಂದೊಂದಾಗಿ ತಿರುಗಿ ಮುಟ್ಟಿಸಿದರು. ಕೊನೆಯದು ಸಾಂಗ್ಲಿವಾಡಿಯ ಒಂದು ಹೆರಿಗೆ ಆಸ್ಪತ್ರೆಯದು. ಕೃಷ್ಣೆಯ ಸೇತುವೆ ದಾಟಿ ಅವರು ಹೋದಾಗ ಮಧ್ಯಾಹ್ನವಾಗಿತ್ತು. ಯಂತ್ರ ಹಚ್ಚಿದರು, ಹಬೆ ಏರಿತು, ಇಳಿಯಿತು. ಎರಡು ಪೈಪುಗಳನ್ನೂ ಜಯಪಾಲ ಬೇರೆ ಬೇರೆಯಾಗಿ ಬಿಚ್ಚಿ, ಬಾಯಿ ಕಟ್ಟಿಲ್ಲವೆಂದು ತೋರಿಸಿದ. ಅಲ್ಲಿನ ನರ್ಸ್ ಚಕ್ರದ ಮೇಲೆ ಕೈಯಿಟ್ಟಳು.

“ತಡೀರಿ” ಎಂದಳು ಪೂನಮ. ಎಲ್ಲವೂ ಸರಿಯಿದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ನರ್ಸನ್ನು ಪಕ್ಕಕ್ಕೆ ನಿಲ್ಲಿಸಿ, ತಾನೇ ಮುಂದೆ ಹೋಗಿ ಚಕ್ರ ತಿರುವಿದಳು. ಬಾಗಿಲು ತೆರೆಯಿತು. ಒಳಗಿನಿಂದ ಬಿಸಿ ಬಟ್ಟೆಯ ವಾಸನೆ ಬಂತು, ಗಂಟುಗಳು ಸಾಲಾಗಿ ಕೂತಿದ್ದವು. ಹೆರಿಗೆ ಕೋಣೆಯಿಂದ ಯಾರೋ ಕರೆದರು. ನರ್ಸ್ ಒಂದು ಗಂಟನ್ನು ಎತ್ತಿಕೊಂಡು ಆ ಕಡೆ ನಡೆದಳು.